ಮಂಡಿಗೆ ಸ್ಟೆಮ್ ಸೆಲ್ ಸೂಜಿ ಹಾಕಿಸಲಾ ಮೇಡಂ? ಕೋಲಾರದಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಫಿಸಿಯೋಥೆರಪಿಸ್ಟ್. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೊರಗಿನ ಬೆಂಚಿನ ಮೇಲೆ ನಾಲ್ಕೈದು ಜನ ಮಂಡಿ ಹಿಡಿದುಕೊಂಡು ಕೂತಿರುತ್ತಾರೆ. ಅರ್ಧ ಜನ ‘ಮೋಕಾಲಿ ನೊಪ್ಪಿ’ ಅಂತ ತೆಲುಗಿನಲ್ಲೇ ಶುರು ಮಾಡುತ್ತಾರೆ. ಕನ್ನಡಕ್ಕೆ ಬರುವಷ್ಟರಲ್ಲಿ ಮುಂದಿನ ಪ್ರಶ್ನೆ ರೆಡಿ ಇರುತ್ತದೆ: ‘ಬೆಂಗಳೂರಲ್ಲಿ ಸ್ಟೆಮ್ ಸೆಲ್ ಸೂಜಿ ಹಾಕ್ತಾರಂತೆ, ಆಪರೇಷನ್ನೇ ಬೇಡವಂತೆ, ಹಾಕಿಸಲಾ ಮೇಡಂ?’ ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಹೇಳೋಕೆ ಆಗಲ್ಲ. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸೂಜಿ ಹಾಕುವವಳಲ್ಲ, ವ್ಯಾಯಾಮ ಮಾಡಿಸುವವಳು. ‘ನಿಮ್ಮ ವ್ಯಾಪಾರಕ್ಕೆ ಹೀಗೆ ಹೇಳ್ತೀರಿ’ ಅಂತ ಶ್ರೀನಿವಾಸಪುರದ ಒಬ್ಬ ಮಾವಿನ ತೋಟದ ಯಜಮಾನರು ಮುಖಕ್ಕೇ ಅಂದಿದ್ದರು. ಇರಬಹುದು. ಓದುವಾಗ ಅದೂ ನೆನಪಿನಲ್ಲಿರಲಿ.

ಸ್ಟೆಮ್ ಸೆಲ್ ಅಂದರೆ ಏನು?

ಇನ್ನೂ ಇಂಥದ್ದೇ ಕೆಲಸ ಅಂತ ಗೊತ್ತಾಗದ ಜೀವಕೋಶ. ಪಠ್ಯಪುಸ್ತಕದಲ್ಲಿ ಕಾಂಡಕೋಶ, ಆಕರಕೋಶ ಅನ್ನುತ್ತಾರೆ. ಮೂಳೆಯ ಒಳಗಿನ ಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಒಂದು ಬಗೆ ಇದೆ. ಬ್ಲಡ್ ಕ್ಯಾನ್ಸರ್, ಥಲಸ್ಸೀಮಿಯಾ ಇರುವವರಿಗೆ ಮಜ್ಜೆ ಕಸಿ ಮಾಡುತ್ತಾರಲ್ಲ, ಅದು ಇದರಿಂದಲೇ. ದಶಕಗಳಿಂದ ನಡೆದುಬಂದಿರುವ, ಗಟ್ಟಿ ಆಧಾರ ಇರುವ ಚಿಕಿತ್ಸೆ ಅದು.

ಮಂಡಿಗೆ ಹಾಕುವುದು ಇನ್ನೊಂದು ಬಗೆ, ಮೆಸೆನ್‌ಕೈಮಲ್ ಸ್ಟೆಮ್ ಸೆಲ್. 1991ರಲ್ಲಿ ಅರ್ನಾಲ್ಡ್ ಕ್ಯಾಪ್ಲಾನ್ ಎಂಬ ಅಮೆರಿಕದ ವಿಜ್ಞಾನಿ ಈ ಹೆಸರು ಕೊಟ್ಟರು. ಇವು ಮೂಳೆ, ಕೊಬ್ಬು, ಕಾರ್ಟಿಲೇಜ್ ಎಲ್ಲಾ ಆಗಬಲ್ಲವು ಅನ್ನುವ ಆಸೆ ಆಗ ಇತ್ತು. 2017ರಲ್ಲಿ ಅವರೇ ‘ಈ ಹೆಸರು ಬದಲಾಯಿಸೋಣ’ ಅಂತ ಬರೆದರು. ದೇಹದ ಒಳಗೆ ಹೋದ ಮೇಲೆ ಈ ಕೋಶಗಳು ಹೊಸ ಅಂಗ ಕಟ್ಟುವುದಿಲ್ಲ, ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂದೇಶ ಕಳಿಸುತ್ತವೆ, ಅದೇ ಅವುಗಳ ಕೆಲಸ ಅಂತ ಅವರಿಗೆ ಅನ್ನಿಸಿತ್ತು. ಹೆಸರಿಟ್ಟವರೇ ಬೇಡ ಅಂದರೂ ಕ್ಲಿನಿಕ್ಕುಗಳ ಬೋರ್ಡಿನಲ್ಲಿ ಹಳೆಯ ಹೆಸರೇ ಇದೆ.

ಸವೆದುಹೋದ ಮಂಡಿ ಮತ್ತೆ ಬೆಳೆಯುತ್ತದಾ?

ಬೆಳೆಯುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ.

ಕೋಳಿ ಕಾಲು ತಿನ್ನುವಾಗ ಮೂಳೆಯ ತುದಿಯಲ್ಲಿ ಬೆಳ್ಳಗೆ, ನುಣ್ಣಗೆ, ಹೊಳೆಯುವ ಪದರ ನೋಡಿದ್ದೀರಲ್ಲ, ಅದೇ ಕಾರ್ಟಿಲೇಜ್. ನಮ್ಮ ಮಂಡಿಯಲ್ಲೂ ಎರಡು ಮೂಳೆಗಳ ತುದಿಗೆ ಅದೇ ಹೊದಿಕೆ. ಅದರೊಳಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಹೋಗದ ಕಾರಣ ಗಾಯವಾದರೆ ಚರ್ಮದ ಹಾಗೆ ಮಾಯುವುದಿಲ್ಲ. ನರ ಇಲ್ಲದ ಕಾರಣ ಸವೆಯುವಾಗ ಗೊತ್ತೂ ಆಗುವುದಿಲ್ಲ. ನೋವು ಶುರುವಾಗುವುದು ಕೆಳಗಿನ ಮೂಳೆ ಮತ್ತು ಸುತ್ತಲಿನ ಪೊರೆ ತಕರಾರು ತೆಗೆದಾಗ. ‘ಗ್ರೀಸ್ ಮುಗಿದಿದೆ’, ‘ಗ್ಯಾಪ್ ಕಮ್ಮಿಯಾಗಿದೆ’ ಅಂತ ಡಾಕ್ಟರು ಹೇಳುವುದು ಅರ್ಥವಾಗಲಿ ಅಂತ. ಆದರೆ ಆ ಮಾತು ಕೇಳಿದವರು ‘ಹಾಗಾದರೆ ಗ್ರೀಸ್ ತುಂಬಿಸಿದರಾಯಿತು’ ಅಂದುಕೊಂಡುಬಿಡುತ್ತಾರೆ.

ಹಾಕಿದ ಕೋಶಗಳು ಮಂಡಿಯಲ್ಲಿ ಮನೆ ಮಾಡಿಕೊಂಡು ಉಳಿಯುವುದಿಲ್ಲ. ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಬಹುಪಾಲು ಕೋಶಗಳು ಕೆಲವು ದಿನ, ಕೆಲವು ವಾರದಲ್ಲಿ ಕಾಣೆಯಾಗಿವೆ. ಅಷ್ಟರೊಳಗೆ ಅವು ಉರಿಯೂತ ಇಳಿಸುವ ಸಂದೇಶ ಕೊಟ್ಟು ಹೋಗುತ್ತವೆ. ಲಾಭ ಅಂತ ಆದರೆ ಅದು ನೋವು ಮತ್ತು ಊತ ಇಳಿಯುವ ಲಾಭ.

‘ಮುಂಚೆ, ಆಮೇಲೆ’ ಅಂತ ಎಕ್ಸ್‌ರೇ ತೋರಿಸುತ್ತಾರಲ್ಲ, ಅದರಲ್ಲಿ ಒಂದು ವಿಷಯ ಗಮನಿಸಿ. ನಿಂತುಕೊಂಡು ತೆಗೆದ ಎಕ್ಸ್‌ರೇಯಲ್ಲಿ ಮೈಭಾರ ಬಿದ್ದು ಗ್ಯಾಪ್ ಕಮ್ಮಿ ಕಾಣುತ್ತದೆ. ಅದೇ ಮಂಡಿಯನ್ನು ಮಲಗಿಸಿ ತೆಗೆದರೆ ಗ್ಯಾಪ್ ಜಾಸ್ತಿ ಕಾಣಬಹುದು. ಮೊದಲನೆಯದು ನಿಂತು, ಎರಡನೆಯದು ಮಲಗಿ ತೆಗೆದಿದ್ದರೆ ಯಾವ ಸೂಜಿಯೂ ಇಲ್ಲದೆ ‘ಬೆಳವಣಿಗೆ’ ಕಂಡುಬಿಡುತ್ತದೆ!

ಎಲ್ಲರೂ ಹಾಕುವುದು ಒಂದೇ ಔಷಧಿನಾ?

ಅಲ್ಲವೇ ಅಲ್ಲ. ಗಲಾಟೆ ಇರುವುದೇ ಇಲ್ಲಿ. ‘ಸ್ಟೆಮ್ ಸೆಲ್’ ಅನ್ನುವ ಒಂದೇ ಬೋರ್ಡಿನ ಕೆಳಗೆ ಐದಾರು ಬೇರೆ ಬೇರೆ ಸಾಮಾನು ಮಾರಾಟವಾಗುತ್ತಿದೆ.

ಕೈಯಿಂದ ರಕ್ತ ತೆಗೆದು, ಮೆಷಿನ್ನಿನಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಮಂಡಿಗೆ ಹಾಕಿದರೆ ಅದು ಪಿಆರ್‌ಪಿ. ಅದರಲ್ಲಿರುವುದು ಪ್ಲೇಟ್‌ಲೆಟ್. ಸ್ಟೆಮ್ ಸೆಲ್ ಅನ್ನುವ ಹೆಸರು ಅದಕ್ಕೆ ಒಪ್ಪುವುದೇ ಇಲ್ಲ. ನನ್ನ ಹತ್ತಿರ ಬಂದು ‘ಸ್ಟೆಮ್ ಸೆಲ್ ಹಾಕಿಸಿದ್ದೀನಿ’ ಅಂದವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಇದು.

ಸೊಂಟದ ಹಿಂಭಾಗದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಮಜ್ಜೆ ಎಳೆದು, ಅದನ್ನು ಗಟ್ಟಿ ಮಾಡಿ ಅವತ್ತೇ ಮಂಡಿಗೆ ಹಾಕುವುದು ಇನ್ನೊಂದು. ಇದರಲ್ಲಿ ಮೆಸೆನ್‌ಕೈಮಲ್ ಕೋಶ ಇರುತ್ತವೆ, ಆದರೆ ತೀರಾ ಕಮ್ಮಿ. ಮಜ್ಜೆಯಲ್ಲಿ ಹತ್ತು ಸಾವಿರ ಕೋಶ ಎಣಿಸಿದರೆ ಹೆಚ್ಚೆಂದರೆ ಒಂದು ಸಿಗಬಹುದು. ವಯಸ್ಸಾದ ಹಾಗೆ ಇನ್ನೂ ಕಮ್ಮಿ.

ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆದು, ಅದರಿಂದ ಕೋಶ ಬೇರ್ಪಡಿಸಿ ಹಾಕುವುದು ಮೂರನೆಯದು. ಬಾಣಂತಿಯರಿಂದ ದಾನ ಪಡೆದ ಹೊಕ್ಕುಳಬಳ್ಳಿಯಿಂದ ಮಾಡಿದ್ದು ಅಂತ ಒಂದು ಬರುತ್ತದೆ. ಈಚೆಗೆ ‘ಎಕ್ಸೋಸೋಮ್’ ಅನ್ನುವ ಹೊಸ ಹೆಸರೂ ಕೇಳಿಬರುತ್ತಿದೆ. ಅದರಲ್ಲಿ ಕೋಶವೇ ಇರುವುದಿಲ್ಲ, ಕೋಶಗಳು ಹೊರಗೆ ಬಿಟ್ಟ ಸಣ್ಣ ಗುಳ್ಳೆಗಳು ಮಾತ್ರ.

ಕೊನೆಯದು, ಲ್ಯಾಬಿನಲ್ಲಿ ಬೆಳೆಸಿ, ಎಣಿಸಿ, ಪರೀಕ್ಷೆ ಮಾಡಿ, ಬ್ಯಾಚ್ ನಂಬರು ಹಾಕಿ ಬರುವ ಔಷಧಿ. ನಮ್ಮ ಪಕ್ಕದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಎಂಬ ಕಂಪನಿ ಇಂಥದ್ದನ್ನು ಮಾಡಿದೆ. ಆರೋಗ್ಯವಂತ ದಾನಿಗಳ ಮಜ್ಜೆಯಿಂದ ಬೆಳೆಸಿದ ಕೋಶ. ಕೇಂದ್ರದ ಔಷಧ ನಿಯಂತ್ರಕರು ಇದನ್ನು ಮಂಡಿ ಸವೆತಕ್ಕೆ ಮಾರಲು ಒಪ್ಪಿದ್ದಾರೆ. 2022ರಲ್ಲಿ ಆಲ್ಕೆಮ್ ಕಂಪನಿ ‘ಸ್ಟೆಮ್‌ಒನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಒಂದು ಮಂಡಿಗೆ 2.5 ಕೋಟಿ ಕೋಶ. ಅದರ ಜೊತೆಗೆ ಹಯಲುರಾನಿಕ್ ಆಸಿಡ್ ಅನ್ನುವ ಜಾರುವ ದ್ರವ ಹಾಕುತ್ತಾರೆ.

ಹಾಗಾಗಿ ‘ಸ್ಟೆಮ್ ಸೆಲ್ ಒಳ್ಳೆಯದಾ, ಕೆಟ್ಟದ್ದಾ’ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಸಿರಿಂಜಿನಲ್ಲಿ ಏನಿದೆ ಅಂತ ತಿಳಿದುಕೊಂಡು ಬನ್ನಿ, ಆಮೇಲೆ ಮಾತಾಡೋಣ.

ನಿಮ್ಮ ಮನೆಯಲ್ಲಿ ಯಾರಾದರೂ ಹಾಕಿಸಿಕೊಂಡಿದ್ದಾರಾ?

ನಮ್ಮ ದೊಡ್ಡಮ್ಮ. ಮುಳಬಾಗಿಲಿನ ಹತ್ತಿರದ ಹಳ್ಳಿ. ಎರಡು ಸೀಮೆಹಸು, ದಿನಕ್ಕೆ ಎರಡು ಹೊತ್ತು ಕುಕ್ಕರಗಾಲಲ್ಲಿ ಕೂತು ಹಾಲು ಕರೆದು ಡೇರಿಗೆ ಹಾಕುವ ಕೆಲಸ. ಊರ ಛತ್ರದಲ್ಲಿ ‘ಉಚಿತ ಮಂಡಿ ತಪಾಸಣೆ’ ಅಂತ ಕ್ಯಾಂಪ್ ಹಾಕಿದ್ದರು. ತಪಾಸಣೆ ಉಚಿತವೇ ಆಗಿತ್ತು. ಅಲ್ಲಿಂದ ವ್ಯಾನಿನಲ್ಲಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಎರಡು ಮಂಡಿಗೆ ಸೇರಿ 90 ಸಾವಿರ ತೆಗೆದುಕೊಂಡರು. ನನಗೆ ಹೇಳಿದ್ದು ಎಲ್ಲಾ ಮುಗಿದ ಮೇಲೆ. ‘ನೀನು ಬೇಡ ಅಂತೀಯ ಅಂತ ಹೇಳಲಿಲ್ಲ ಕಣೇ’ ಅಂದರು. ಒಂದು ಹಸು ಮಾರಿದ್ದರು.

ರಸೀದಿ ನೋಡಿದೆ. ‘ರೀಜನರೇಟಿವ್ ಥೆರಪಿ’ ಅಂತ ಒಂದೇ ಸಾಲು. ಔಷಧಿ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ, ಏನು ಎಲ್ಲಿಂದ ತೆಗೆದರು ಅಂತ ಇಲ್ಲ. ‘ಸೊಂಟಕ್ಕೆ ಚುಚ್ಚಿದರಾ ದೊಡ್ಡಮ್ಮ?’ ಅಂದೆ. ‘ಇಲ್ಲ, ತೋಳಿಂದ ರಕ್ತ ತೆಗೆದರು, ಅರ್ಧ ಗಂಟೆ ಬಿಟ್ಟು ಮಂಡಿಗೆ ಹಾಕಿದರು.’ ಅಲ್ಲಿಗೆ ಅದು ಪಿಆರ್‌ಪಿ ಅಂತ ಗೊತ್ತಾಯಿತು.

ಸುಳ್ಳು ಹೇಳಬಾರದು, ಮೂರು ತಿಂಗಳು ಅವರಿಗೆ ಆರಾಮಿತ್ತು. ಅಂತರಗಂಗೆಯ ಮೆಟ್ಟಿಲು ಹತ್ತಿ ಬಂದೆ ಅಂತ ಫೋನ್ ಮಾಡಿದ್ದರು. ಚಳಿಗಾಲ ಬರುವಷ್ಟರಲ್ಲಿ ನೋವು ತಿರುಗಿ ಬಂತು.

ಮೂರು ತಿಂಗಳು ಆರಾಮಾಯಿತಲ್ಲ, ಅಂದರೆ ಕೆಲಸ ಮಾಡಿತು ಅಂತಲೇ ಅಲ್ವಾ?

ಈ ಪ್ರಶ್ನೆ ನನ್ನನ್ನೂ ತುಂಬಾ ದಿನ ಕಾಡಿದೆ.

2017ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಒಂದು ಪರೀಕ್ಷೆ ಪ್ರಕಟಿಸಿತು. ಎರಡೂ ಮಂಡಿ ನೋವಿರುವ 25 ಜನ. ಒಂದು ಮಂಡಿಗೆ ಅವರದೇ ಮಜ್ಜೆಯ ಸಾರ, ಇನ್ನೊಂದಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಅಂತ ಅವರಿಗೆ ಹೇಳಿರಲಿಲ್ಲ. ಫಲಿತಾಂಶ ಏನಾಯಿತು ಗೊತ್ತಾ? ಎರಡೂ ಮಂಡಿ ಸುಧಾರಿಸಿದವು. ಹೆಚ್ಚುಕಮ್ಮಿ ಒಂದೇ ಸಮ! ಉಪ್ಪುನೀರಿನ ಮಂಡಿಯವರು ಸುಳ್ಳು ಹೇಳಲಿಲ್ಲ, ಅವರಿಗೆ ನಿಜವಾಗಿಯೂ ನೋವು ಇಳಿದಿತ್ತು. ಮಂಡಿ ನೋವು ಅಲೆಯ ಹಾಗೆ ಏರುತ್ತದೆ, ಇಳಿಯುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ಅದು ಮೇಲೇರಿದಾಗ. ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವ ಸಮಯ ಅದು. ಅದಕ್ಕೆ ನಂಬಿಕೆ ಸೇರುತ್ತದೆ, ದುಡ್ಡು ಕೊಟ್ಟ ಮೇಲೆ ಎರಡು ವಾರ ವಿಶ್ರಾಂತಿ ಸೇರುತ್ತದೆ. ದೊಡ್ಡಮ್ಮ ಆ ಮೂರು ತಿಂಗಳು ಹಾಲು ಕರೆಯಲೇ ಇಲ್ಲ, ಸೊಸೆ ಕರೆದಳು. ಅದನ್ನು ಯಾವ ಲೆಕ್ಕಕ್ಕೆ ಹಾಕೋಣ?

2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪಿಆರ್‌ಪಿಯನ್ನು ಉಪ್ಪುನೀರಿನ ಜೊತೆ ಹೋಲಿಸಿದರು. ಒಂದು ವರ್ಷದ ಮೇಲೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2023ರಲ್ಲಿ ಅಮೆರಿಕದಲ್ಲಿ 475 ಜನರ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ, ಮೂರೂ ಬಗೆಯ ಕೋಶಗಳನ್ನು ಮಾಮೂಲಿ ಸ್ಟೀರಾಯ್ಡ್ ಸೂಜಿಯ ಜೊತೆ ಹೋಲಿಸಿದ್ದರು. ಒಂದು ವರ್ಷಕ್ಕೆ ಯಾವುದೂ ಸ್ಟೀರಾಯ್ಡ್‌ಗಿಂತ ಮೇಲು ಅಂತ ಬರಲಿಲ್ಲ.

ಇನ್ನೊಂದು ಕಡೆಯದ್ದೂ ಹೇಳಬೇಕು. ಸ್ಟೆಮ್‌ಒನ್ ಔಷಧಿಯ ಮೂರನೇ ಹಂತದ ಪರೀಕ್ಷೆ ನಮ್ಮ ದೇಶದಲ್ಲೇ ನಡೆಯಿತು, 146 ಜನ. ಅರ್ಧ ಜನರಿಗೆ ಕೋಶ, ಅರ್ಧ ಜನರಿಗೆ ಡಮ್ಮಿ, ಇಬ್ಬರಿಗೂ ಹಯಲುರಾನಿಕ್ ಆಸಿಡ್. ಒಂದು ವರ್ಷದ ಮೇಲೆ ಕೋಶ ಹಾಕಿಸಿಕೊಂಡವರಿಗೆ ನೋವು ಜಾಸ್ತಿ ಇಳಿದಿತ್ತು. ಎಂಆರ್‌ಐಯಲ್ಲಿ ಕಾರ್ಟಿಲೇಜ್ ಮತ್ತಷ್ಟು ಹಾಳಾಗಿರಲಿಲ್ಲ. ಹೊಸದಾಗಿ ದಪ್ಪಗೂ ಆಗಿರಲಿಲ್ಲ. ಕಂಪನಿಯೇ ನಡೆಸಿದ ಪರೀಕ್ಷೆ ಅನ್ನುವುದನ್ನೂ ಸೇರಿಸಿ ಓದಿಕೊಳ್ಳಿ. 2025ರಲ್ಲಿ ಕಾಕ್ರೇನ್ ಸಂಸ್ಥೆಯವರು ಬೇರೆ ಬೇರೆ ದೇಶದ 25 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. 10 ಅಂಕದ ನೋವಿನಲ್ಲಿ ಡಮ್ಮಿಗಿಂತ ಸುಮಾರು 1.2 ಅಂಕ ಜಾಸ್ತಿ ಇಳಿಯಬಹುದು, ಆದರೆ ಈ ಲೆಕ್ಕದ ಮೇಲೆ ಭರವಸೆ ಕಮ್ಮಿ ಅಂದರು.

ಹೊಲ, ಹಸು, ಒಡವೆ ಇಟ್ಟು 1.2 ಅಂಕ ಕೊಳ್ಳಬೇಕಾ ಅನ್ನುವುದು ನಿಮ್ಮ ಮನೆಯಲ್ಲಿ ಕೂತು ಯೋಚನೆ ಮಾಡುವ ವಿಷಯ. ದುಡ್ಡಿನ ಚಿಂತೆ ಇಲ್ಲದವರಿಗೆ ನಾನು ಅಷ್ಟು ಜೋರಾಗಿ ಬೇಡ ಅನ್ನುವುದಿಲ್ಲ.

ಸರ್ಕಾರ ಒಪ್ಪಿಗೆ ಕೊಟ್ಟಿದೆ ಅಂತಾರಲ್ಲ?

ಆ ಒಂದು ಔಷಧಿಗೆ ಕೊಟ್ಟಿದೆ. ಕ್ಲಿನಿಕ್ಕಿನ ಒಳಗೆ ನಡೆಯುವ ಎಲ್ಲದಕ್ಕೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟು ಉಳಿದ ಕಾಯಿಲೆಗೆ ಸ್ಟೆಮ್ ಸೆಲ್ ಬಳಸಬೇಕಾದರೆ ಅದು ಅನುಮತಿ ಪಡೆದ ಪರೀಕ್ಷೆಯ ಒಳಗೆ ಮಾತ್ರ. ಲ್ಯಾಬಿನಲ್ಲಿ ಬೆಳೆಸಿದ ಕೋಶ 2019ರ ನಿಯಮದ ಪ್ರಕಾರ ‘ಹೊಸ ಔಷಧಿ’. ಅನುಮತಿ ಇಲ್ಲದೆ ಮಾರುವ ಹಾಗಿಲ್ಲ.

‘ಇದು ಟ್ರಯಲ್’, ಅಂದರೆ ಪರೀಕ್ಷೆ, ಅಂತ ಹೇಳಿದರೆ ದೇಶದ ಟ್ರಯಲ್ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ. ‘ಸಿಟಿಆರ್‌ಐ’ ಅಂತ ಶುರುವಾಗುವ ಸಂಖ್ಯೆ ಇರಬೇಕು, 2009ರಿಂದ ಇದು ಕಡ್ಡಾಯ. ಆ ಸಂಖ್ಯೆಯನ್ನು ಮೊಬೈಲಿನಲ್ಲೇ ಹುಡುಕಿ ನೋಡಬಹುದು, ಮಕ್ಕಳಿಗೆ ಹೇಳಿ. ಇನ್ನೊಂದು: ಟ್ರಯಲ್ ಅಂತ ಹೇಳಿ ಲಕ್ಷ ರೂಪಾಯಿ ಕೇಳಿದರೆ ಅಲ್ಲಿ ಏನೋ ಸರಿಯಿಲ್ಲ.

ಯಾರಿಗೆ ಉಪಯೋಗ ಆಗುವ ಸಾಧ್ಯತೆ ಇದೆ?

ಎಕ್ಸ್‌ರೇ ನೋಡಿ ಸವೆತಕ್ಕೆ 1ರಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. ಸ್ಟೆಮ್‌ಒನ್‌ಗೆ ಒಪ್ಪಿಗೆ ಇರುವುದು 2 ಮತ್ತು 3ಕ್ಕೆ. ಗ್ರೇಡ್ 4, ಮೂಳೆಗೆ ಮೂಳೆ ತಾಗಿದೆ, ಕಾಲು ಬಿಲ್ಲಿನ ಹಾಗೆ ಬಾಗಿದೆ ಅಂದರೆ ಸೂಜಿಯ ಮಾತು ಅಲ್ಲಿಗೆ ಬಿಡಿ. ದುರಂತ ಏನೆಂದರೆ ಕ್ಯಾಂಪಿಗೆ ಹೋಗುವವರಲ್ಲಿ ಜಾಸ್ತಿ ಜನ ಇದೇ ಗ್ರೇಡ್ 4ರವರು. ಆಪರೇಷನ್‌ಗೆ ಹೆದರಿ ಹೋಗಿರುತ್ತಾರೆ.

ನಮ್ಮ ಊರಲ್ಲಿ ಎಲ್ಲರಿಗೂ ಕೀಲು ನೋವು. ನೀರಿನಿಂದ ಅಂತಾರೆ. ಅದಕ್ಕೆ ಈ ಸೂಜಿ ಆಗುತ್ತಾ?

ಆಗಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಆಚೆ ಪಾವಗಡದ ಕಡೆಯವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಕಡೆ ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಆಮೇಲೆ ಮೂಳೆಗೆ ಇಳಿಯುತ್ತದೆ. ಕುತ್ತಿಗೆ, ಬೆನ್ನು, ಸೊಂಟ ಮರಗಟ್ಟಿದ ಹಾಗೆ ಬಿಗಿಯುತ್ತದೆ. ಬಗ್ಗಿ ನೆಲ ಮುಟ್ಟಲು ಆಗಲ್ಲ, ಗಲ್ಲವನ್ನು ಎದೆಗೆ ತಾಗಿಸಲು ಆಗಲ್ಲ. ಇಲ್ಲಿ ಮೂಳೆ ಸವೆಯುತ್ತಿಲ್ಲ, ಬೇಡದ ಕಡೆ ಗಟ್ಟಿಯಾಗುತ್ತಿದೆ. ಹಾಗಿರುವಾಗ ಮಂಡಿಯೊಳಗೆ ಯಾವ ಕೋಶ ಹಾಕಿ ಏನು ಪ್ರಯೋಜನ?

ಮಂಡಿಯ ಜೊತೆ ಬೆನ್ನು, ಕುತ್ತಿಗೆಯೂ ಬಿಗಿದಿದ್ದರೆ, ಮನೆಯಲ್ಲಿ ಎರಡು ಮೂರು ಜನರಿಗೆ ಅದೇ ತೊಂದರೆ ಇದ್ದರೆ ಡಾಕ್ಟರಿಗೆ ‘ಫ್ಲೋರೋಸಿಸ್ ಇರಬಹುದಾ ನೋಡಿ’ ಅಂತ ನೀವೇ ಹೇಳಿ. ಮುಂಗೈ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ಮಧ್ಯದ ಪೊರೆ ಗಟ್ಟಿಯಾಗಿದ್ದರೆ ಅದು ದೊಡ್ಡ ಸುಳಿವು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಜಾಸ್ತಿಯಾಗುತ್ತದೆ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ‘ನಾವು ಕಾಯಿಸಿಯೇ ಕುಡಿಯೋದು ಮೇಡಂ’ ಅಂತ ಹೆಮ್ಮೆಯಿಂದ ಹೇಳುತ್ತಾರೆ. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ನೀರು ವಾಸಿ, ಘಟಕ ಕೆಟ್ಟು ನಿಲ್ಲದಿದ್ದರೆ. ಕುಡಿಯೋಕೆ ಆ ನೀರು ತಂದು ಸಾರಿಗೆ, ಮುದ್ದೆಗೆ ಬೋರ್ ನೀರೇ ಹಾಕುವ ಮನೆಗಳೂ ಇವೆ. ಅಡುಗೆಗೂ ಅದನ್ನೇ ಬಳಸಿ.

ಚಿಕುನ್‌ಗುನ್ಯಾ ಆದ ಮೇಲೆ ಶುರುವಾದ ನೋವಿಗೆ? ಸಂಧಿವಾತಕ್ಕೆ?

ಎರಡಕ್ಕೂ ಬೇಡ. 2006ರ ದೊಡ್ಡ ಚಿಕುನ್‌ಗುನ್ಯಾ ಕಂಡವರಿಗೆ ಗೊತ್ತು, ಜ್ವರ ವಾರದಲ್ಲಿ ಹೋಗಿ ಕೀಲು ನೋವು ತಿಂಗಳುಗಟ್ಟಲೆ ಉಳಿಯಿತು. ಬಹಳ ಜನರಿಗೆ ಅದು ತಾನಾಗಿ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಬೆರಳಿನ ಗಿಣ್ಣುಗಳು ಊದಿಕೊಂಡು ಒಂದು ಗಂಟೆ ಕೈ ಮಡಚಲು ಆಗದಿದ್ದರೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಸಂಧಿವಾತ ಇರಬಹುದು. ಅದಕ್ಕೆ ಒಳ್ಳೆಯ ಮಾತ್ರೆಗಳಿವೆ, ತಡ ಮಾಡಿದಷ್ಟೂ ಕೀಲು ಹಾಳು.

ಭುಜ, ಸೊಂಟದ ಕೀಲು, ಬೆನ್ನಿನ ಡಿಸ್ಕ್‌ಗೆ?

ಸ್ಟೆಮ್‌ಒನ್‌ಗೆ ಒಪ್ಪಿಗೆ ಇರುವುದು ಮಂಡಿಗೆ, ಭುಜಕ್ಕೋ ಬೆನ್ನಿಗೋ ಅಲ್ಲ. ಈ ಕೀಲುಗಳಿಗೆ ಆಧಾರ ಇನ್ನೂ ತೆಳು.

ಅಪಾಯ ಏನು?

ಸೂಜಿ ಹಾಕಿದ ಎರಡು ಮೂರು ದಿನ ಊತ, ನೋವು ಬರುವುದು ಮಾಮೂಲಿ. ಭಯ ಪಡಬೇಕಾದ್ದು ಸೋಂಕಿಗೆ. ಕೀಲಿನೊಳಗೆ ಕೀವಾದರೆ ಕೆಲವೇ ದಿನದಲ್ಲಿ ಕಾರ್ಟಿಲೇಜ್ ತಿಂದುಹಾಕುತ್ತದೆ. 2018ರಲ್ಲಿ ಅಮೆರಿಕದ ಟೆಕ್ಸಾಸ್, ಫ್ಲೋರಿಡಾ, ಅರಿಜೋನಾದಲ್ಲಿ ಹೊಕ್ಕುಳಬಳ್ಳಿ ರಕ್ತದಿಂದ ಮಾಡಿದ ‘ಸ್ಟೆಮ್ ಸೆಲ್’ ಹಾಕಿಸಿಕೊಂಡ 12 ಜನ ಸೋಂಕಾಗಿ ಆಸ್ಪತ್ರೆ ಸೇರಿದ್ದರು. ಔಷಧಿ ಇದ್ದ ಸೀಸೆಯಲ್ಲೇ ಬ್ಯಾಕ್ಟೀರಿಯಾ ಇತ್ತು.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಸೂಜಿ ಆದ ಮೇಲೆ ಮಂಡಿ ಕೆಂಪಗೆ ಬಿಸಿಯಾಗಿ, ಜ್ವರ, ಚಳಿ ಬಂದು ಕಾಲು ಊರಲಿಕ್ಕೇ ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಅವತ್ತು ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ.

ಮಾಮೂಲಿ ಸ್ಟೀರಾಯ್ಡ್ ಸೂಜಿ ಅಗ್ಗ ಅಲ್ವಾ? ಅದನ್ನೇ ಹಾಕಿಸಿದರೆ?

ಊದಿಕೊಂಡು ನಡೆಯಲೇ ಆಗದ ಹೊತ್ತಿನಲ್ಲಿ ಒಂದು ಹಾಕಿಸುವುದು ತಪ್ಪಲ್ಲ. ಕೆಲವು ವಾರ, ಕೆಲವರಿಗೆ ಎರಡು ಮೂರು ತಿಂಗಳು ಆರಾಮ. ಮಗಳ ಮದುವೆ ಇದೆ ಅಂತ ಹಾಕಿಸಿಕೊಂಡು ಓಡಾಡಿದವರನ್ನು ನೋಡಿದ್ದೇನೆ. ಆದರೆ ಅಭ್ಯಾಸ ಮಾಡಿಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಹಾಕಿ ನೋಡಿದ ಪರೀಕ್ಷೆಯೊಂದು 2017ರಲ್ಲಿ ಬಂತು. ಉಪ್ಪುನೀರಿಗಿಂತ ನೋವು ಜಾಸ್ತಿ ಇಳಿದಿರಲಿಲ್ಲ, ಕಾರ್ಟಿಲೇಜ್ ಮಾತ್ರ ಜಾಸ್ತಿ ಕರಗಿತ್ತು. ಶುಗರ್ ಇದ್ದವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ.

ಆಪರೇಷನ್ ಅಂದರೆ ಭಯ. ಖರ್ಚೂ ಜಾಸ್ತಿ ಅಲ್ವಾ?

ಭಯ ಸಹಜ. ಆದರೆ ಸ್ಟೆಮ್ ಸೆಲ್ ಅಂತ ಕೊಡುವ ದುಡ್ಡಿನ ಪಕ್ಕದಲ್ಲಿಟ್ಟು ನೋಡಿ. 2017ರಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ. ಆಸ್ಪತ್ರೆ ಖರ್ಚು ಬೇರೆ, ನಿಜ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವು ಇದೆ. ನಿಮಗೆ ಯಾವ ಆಪರೇಷನ್ ಎಲ್ಲಿ ಸಿಗುತ್ತದೆ ಅಂತ ಜಿಲ್ಲಾಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕೇಳಿ. ಸ್ಟೆಮ್ ಸೆಲ್‌ಗೆ ಹೊರಟವರು ಆ ಕೌಂಟರಿನ ಕಡೆ ತಿರುಗಿಯೂ ನೋಡಿರುವುದಿಲ್ಲ.

‘ಹತ್ತು ವರ್ಷಕ್ಕೆ ಕಿತ್ತು ಇನ್ನೊಂದು ಹಾಕಬೇಕಂತೆ’ ಅನ್ನುವುದು ಹಳೆಯ ಮಾತು. 2019ರಲ್ಲಿ ದೊಡ್ಡ ದಾಖಲೆಗಳನ್ನು ಸೇರಿಸಿ ನೋಡಿದಾಗ ನೂರರಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳಿಕೆ ಬಂದಿದ್ದವು. ವಾಜಪೇಯಿಯವರು ಪ್ರಧಾನಿಯಾಗಿದ್ದಾಗಲೇ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಮಂಡಿ ಬದಲಾಯಿಸಿಕೊಂಡರು. ಆಮೇಲೆ 2004ರವರೆಗೆ ದೇಶ ನಡೆಸಿದರು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದು, ಇಂಡಿಯನ್ ಟಾಯ್ಲೆಟ್ ಬಳಸುವುದು ಬಹಳ ಜನರಿಗೆ ಕಷ್ಟವಾಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಕಮೋಡ್ ಕುರ್ಚಿ ತಂದುಕೊಳ್ಳಿ.

ಹಾಕಿಸಲೇಬೇಕು ಅಂತ ಮನಸ್ಸು ಮಾಡಿದ್ದೇನೆ. ಡಾಕ್ಟರನ್ನು ಏನು ಕೇಳಲಿ?

‘ಸಾರ್, ಇದು ನನ್ನದೇ ಕೋಶವಾ, ಬೇರೆಯವರದಾ? ದೇಹದ ಯಾವ ಭಾಗದಿಂದ ತೆಗೆದದ್ದು? ಔಷಧಿ ಹೆಸರೇನು, ಪೆಟ್ಟಿಗೆ ತೋರಿಸಿ, ಬ್ಯಾಚ್ ನಂಬರು ಬಿಲ್ಲಿನಲ್ಲಿ ಬರೆಯಿರಿ. ನನ್ನ ಗ್ರೇಡ್ ಎಷ್ಟು? ಸೂಜಿಯನ್ನು ಸ್ಕ್ಯಾನ್ ನೋಡಿಕೊಂಡು ಹಾಕುತ್ತೀರಾ? ಆರು ತಿಂಗಳಿಗೆ ಏನೂ ಆಗದಿದ್ದರೆ ಮುಂದೇನು?’ ಇಷ್ಟು ಕೇಳಿ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಜಾರಾಗುವುದಿಲ್ಲ. ‘ನೀವು ಗೂಗಲ್ ಡಾಕ್ಟರಾ?’ ಅಂತ ರೇಗಿದರೆ ನಿಮ್ಮ ದುಡ್ಡು ಉಳಿಯಿತು ಅಂದುಕೊಳ್ಳಿ. ‘ಇವತ್ತೇ ಕಟ್ಟಿದರೆ ಡಿಸ್ಕೌಂಟ್’ ಅನ್ನುವುದು ಸೀರೆ ಅಂಗಡಿಯಲ್ಲಿ ಸರಿ.

ಆಸ್ಪತ್ರೆಯ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಒಬ್ಬರೇ ಹೋಗಬೇಡಿ, ಓದಲು ಬರುವ ಮಗನೋ ಸೊಸೆಯೋ ಜೊತೆಗಿರಲಿ. ಸಹಿ ಹಾಕುವ ಕಾಗದ ಕನ್ನಡದಲ್ಲಿ ಕೊಡಿ ಅಂತ ಕೇಳಿ.

ಮೋಸ ಹೋಗಿದ್ದೇನೆ. ಏನು ಮಾಡಲಿ?

ಬಿಲ್, ಪ್ಯಾಂಫ್ಲೆಟ್, ವಾಟ್ಸಾಪ್ ಮೆಸೇಜು, ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ತೊಂದರೆ ಆದ ಎರಡು ವರ್ಷದೊಳಗೆ ಹೋಗಬೇಕು, ಕೊಟ್ಟ ದುಡ್ಡು 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಮೊದಲು ಸಲಹೆ ಬೇಕಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದೊಡ್ಡಮ್ಮ ಇದಕ್ಕೆ ಒಪ್ಪಲಿಲ್ಲ, ‘ಹೋಗಲಿ ಬಿಡೇ, ಋಣ’ ಅಂದರು. ನನಗೆ ಇವತ್ತಿಗೂ ಸಮಾಧಾನವಿಲ್ಲ.

ಸೂಜಿ ಬೇಡ, ಆಪರೇಷನ್ನೂ ಈಗಲೇ ಬೇಡ. ಮತ್ತೇನು ಮಾಡಲಿ?

ಈಗ ನನ್ನ ವ್ಯಾಪಾರದ ಮಾತು!

ಗೋಡೆಗೆ ಒರಗಿ ಕಾಲು ಚಾಚಿ ಕೂರಿ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಡಿ. ತೊಡೆ ಬಿಗಿದು ಟವೆಲನ್ನು ಕೆಳಕ್ಕೆ ಒತ್ತಿ ಐದು ಎಣಿಸಿ, ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅದು ಸುಲಭವಾದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ತೊಡೆಯ ಮುಂದಿನ ಸ್ನಾಯು ಬಲವಾದರೆ ಮಂಡಿಯ ಮೇಲಿನ ಹೊರೆ ಅದು ಹೊರುತ್ತದೆ. ಎರಡು ದಿನ ಮಾಡಿ ‘ಕಮ್ಮಿ ಆಗಲಿಲ್ಲ’ ಅನ್ನಬೇಡಿ, ಕನಿಷ್ಠ ಎಂಟು ವಾರ ಬೇಕು.

ಮೈತೂಕ ಒಂದು ಕೆಜಿ ಇಳಿದರೆ ಇಡುವ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಕಮ್ಮಿ. ಮುದ್ದೆ ಬಿಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಈ ಊರಲ್ಲಿ ಇರೋಕೆ ಆಗಲ್ಲ. ಎರಡರ ಬದಲು ಒಂದೂವರೆ ಸಾಕು.

ಹಾಲು ಕರೆಯುವವರು, ಟೊಮ್ಯಾಟೊ ಕೀಳುವವರು, ಹೂ ಬಿಡಿಸುವವರು ಕುಕ್ಕರಗಾಲು ಬಿಡಿ. ಒಂದು ಗೇಣು ಎತ್ತರದ ಮಣೆ ಬೇಡ, ಮೊಳ ಎತ್ತರದ ಸ್ಟೂಲು ಇಟ್ಟುಕೊಳ್ಳಿ. ಊರುಗೋಲು ಹಿಡಿಯುವವರಲ್ಲಿ ಹೆಚ್ಚಿನವರು ತಪ್ಪು ಕೈಯಲ್ಲಿ ಹಿಡಿದಿರುತ್ತಾರೆ. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು. ನಾಚಿಕೆ ಪಟ್ಟು ಕೋಲೇ ಬೇಡ ಅನ್ನುವವರಿಗೆ ಒಳ್ಳೆಯ ಛತ್ರಿ ಕೊಡಿಸಿ, ಅದೇ ಕೆಲಸ ಮಾಡುತ್ತದೆ.

ಈಗಾಗಲೇ ಹಾಕಿಸಿಬಿಟ್ಟೆ ಮೇಡಂ. ಈಗ ವ್ಯಾಯಾಮ ಮಾಡಬಹುದಾ?

ಮಾಡಬೇಕು. ಎಷ್ಟು ದಿನ ಬಿಟ್ಟು ಅಂತ ಸೂಜಿ ಹಾಕಿದವರನ್ನೇ ಕೇಳಿ, ಏನು ಹಾಕಿದರು ಅನ್ನುವುದರ ಮೇಲೆ ಅದು ಹೋಗುತ್ತದೆ. ಒಂದು ಹಳೆಯ ಕ್ಯಾಲೆಂಡರ್ ತೆಗೆದುಕೊಂಡು ದಿನಾ ರಾತ್ರಿ ನೋವಿಗೆ 10ಕ್ಕೆ ಎಷ್ಟು ಅಂತ ಅಂಕ ಬರೆಯಿರಿ. ಎಷ್ಟು ದೂರ ನಡೆದಿರಿ, ಅವತ್ತು ನೋವಿನ ಮಾತ್ರೆ ನುಂಗಿದಿರಾ ಅಂತಲೂ ಬರೆಯಿರಿ. ಆರು ತಿಂಗಳ ಮೇಲೆ ಎರಡನೇ ಸೂಜಿ ಹಾಕಿಸಿ ಅಂತ ಫೋನ್ ಬರುತ್ತದೆ. ಆಗ ಆ ಕ್ಯಾಲೆಂಡರ್ ಹಿಡಿದುಕೊಂಡು ಒಂದು ಸಲ ಇಲ್ಲಿಗೆ ಬನ್ನಿ. ಭಾನುವಾರ ರಜೆ.